ಚಾವಣಿ ಯಾರ ತಲೆಯ ಮೇಲೆ?

ಬೆಂಗಳೂರಿನ ಹೊರವಲಯದ ಬೊಮ್ಮಸಂದ್ರದ ಸೂರ್ಯನಗರದಲ್ಲಿ 80,000 ಜನರು ಕುಳಿತು ನೋಡಬಹುದಾದ ಕ್ರೀಡಾಂಗಣವೊಂದನ್ನು ಕಟ್ಟಿಸುವ ಯೋಜನೆಗೆ ಕರ್ನಾಟಕ ಸರ್ಕಾರದವರು 2025ರಲ್ಲಿ ಒಪ್ಪಿಗೆಯಿತ್ತರು. ಅದರ ಅಂದಾಜು ವೆಚ್ಚವು 1,650 ಕೋಟಿ ರೂಪಾಯಿಗಳು. ಇಷ್ಟು ದೊಡ್ಡ ಕಟ್ಟಡದ ಮಾತು ಬಂದೊಡನೆ, ಅದಕ್ಕೆ ಚಾವಣಿ ಇರಬೇಕೆ ಬೇಡವೆ ಎಂಬ ಪ್ರಶ್ನೆಯು ಏಳುವುದು ಸಹಜವಾಗಿರುವುದು. ಬೇಸಗೆ ಮಳೆಗಾಲಗಳೆರಡೂ ತಮ್ಮ ಹಳೆಯ ಮೇರೆಯನ್ನು ಮೀರುತ್ತಿರುವ ಕಾಲವಿದು. 2024ರ ಏಪ್ರಿಲ್ 28ರಂದು ಬೆಂಗಳೂರಿನ ಉಷ್ಣತೆಯು 38.5 ಡಿಗ್ರಿಗೆ ಏರಿತು. ಅದಾದ ಐದು ವಾರಗಳಿಗೆ, ಜೂನ್ 2ರಂದು, ಒಂದೇ ದಿನದಲ್ಲಿ 111.1 ಮಿಲಿಮೀಟರ್ ಮಳೆ ಸುರಿದು, 1891ರಿಂದ ನಿಂತಿದ್ದ ಜೂನ್ ತಿಂಗಳ ದಾಖಲೆಯು ಮುರಿದುಬಿದ್ದಿತು. ತಂಪಿಗೆ ಹೆಸರಾದ ಊರಿನ ಗತಿಯೇ ಹೀಗಾದರೆ, ಕಲಬುರಗಿ ರಾಯಚೂರುಗಳ ಮಾತನ್ನು ಹೇಳತಕ್ಕದ್ದೇನಿದೆ?

ಚಾವಣಿ ಬೇಕೆನ್ನುವವರೂ ಬೇಡವೆನ್ನುವವರೂ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದರೊಳಗೊಂದು ಬೆರೆಸಿಕೊಂಡು ವಾದಿಸುತ್ತಿರುವರೆಂದು ನಮಗೆ ತೋರುವುದು. ಆಟದ ಅಂಗಳದ ಮೇಲೆ ಚಾವಣಿ ಬೇಕೆ ಎಂಬುದು ಒಂದು. ನೋಡಲು ಬಂದ ಜನರ ತಲೆಯ ಮೇಲೆ ಚಾವಣಿ ಬೇಕೆ ಎಂಬುದು ಇನ್ನೊಂದು. ಮೊದಲನೆಯದು ಆಟದ ವೇಳಾಪಟ್ಟಿಗೂ ಹಣದ ಚೀಲಕ್ಕೂ ಸಂಬಂಧಿಸಿದ್ದು. ಎರಡನೆಯದು ಮನುಷ್ಯರ ಪ್ರಾಣಕ್ಕೆ ಸಂಬಂಧಿಸಿದ್ದು. ಇವೆರಡನ್ನೂ ಬಿಡಿಸಿ ನೋಡಿದಲ್ಲದೆ ಸರಿಯಾದ ಉತ್ತರವು ದೊರೆಯಲಾರದು.

ಅಂಗಳವನ್ನೆಲ್ಲ ಮುಚ್ಚುವ ಪ್ರಯೋಗವು ಹೊಸದೇನೂ ಅಲ್ಲ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 1965ರಲ್ಲಿ ಆಸ್ಟ್ರೋಡೋಮ್ ಎಂಬ ಮಹಾಗುಮ್ಮಟವು ತೆರೆಯಲ್ಪಟ್ಟಿತು. ಸುಡುವ ಬಿಸಿಲು, ಮಳೆ, ಸೊಳ್ಳೆಗಳಿಂದ ಪೀಡಿತರಾದ ಅಲ್ಲಿನ ಜನರು ತಂಪುಗಾಳಿಯಲ್ಲಿ ಕುಳಿತು ಬೇಸ್‌ಬಾಲ್ ನೋಡುವಂತಾದುದನ್ನು ಜಗತ್ತೇ ಬೆರಗಿನಿಂದ ನೋಡಿತು. ಆದರೆ ತೊಡಕು ಬಹುಬೇಗ ಕಾಣಿಸಿಕೊಂಡಿತು. ಗುಮ್ಮಟದ ಪಾರದರ್ಶಕ ಹಲಗೆಗಳಿಂದ ಬರುತ್ತಿದ್ದ ಪ್ರಖರ ಬೆಳಕಿನಲ್ಲಿ ಆಟಗಾರರಿಗೆ ಮೇಲಕ್ಕೆ ಹಾರಿದ ಚೆಂಡು ಕಾಣದಾಯಿತು. ಅದಕ್ಕಾಗಿ ಹಲಗೆಗಳಿಗೆ ಬಣ್ಣ ಬಳಿದರು. ಬಣ್ಣ ಬಳಿದ ಮೇಲೆ ಬಿಸಿಲಿಲ್ಲದೆ ಹುಲ್ಲು ಸತ್ತಿತು. ಹುಲ್ಲು ಸತ್ತುದರಿಂದ 1966ರಲ್ಲಿ ಕೃತಕ ಹುಲ್ಲಿನ ಹಾಸನ್ನು ತಂದು ಹಾಸಬೇಕಾಯಿತು. ಒಂದು ಉಪಾಯವು ಇನ್ನೊಂದು ಅಪಾಯವನ್ನು ಹೆತ್ತಿತು.

ಅದೇ ಗುಮ್ಮಟದ ಇನ್ನೊಂದು ಸಂಗತಿಯನ್ನು ನಮ್ಮ ನಗರದ ಅಧಿಕಾರಿಗಳು ಮನಸ್ಸಿಟ್ಟು ಕೇಳಬೇಕು. 1976ರ ಜೂನ್ 15ರಂದು ಹ್ಯೂಸ್ಟನ್ನಿನಲ್ಲಿ ಜಡಿಮಳೆ ಹಿಡಿಯಿತು. ಚಾವಣಿಯ ಕೆಳಗೆ ಅಂಗಳವು ಒಣಗಿಯೇ ಇತ್ತು. ಎರಡೂ ತಂಡದ ಆಟಗಾರರು ಒಳಗೆ ಸಿದ್ಧರಾಗಿಯೇ ಇದ್ದರು. ಆದರೆ ಬೀದಿಗಳೆಲ್ಲ ಹೊಳೆಯಾಗಿ, ತೀರ್ಪುಗಾರರೂ ಪ್ರೇಕ್ಷಕರೂ ಬಂದು ಸೇರಲಾರದೆ ಹೋದರು. ಆಟಗಾರರು ಅಂಗಳದಲ್ಲಿಯೇ ಮೇಜು ಹಾಕಿಸಿಕೊಂಡು ಊಟ ಮುಗಿಸಿದರು. ಆಟ ಮಾತ್ರ ನಡೆಯಲಿಲ್ಲ. ರಾಜಕಾಲುವೆಗಳನ್ನು ಮುಚ್ಚಿ, ಕೆರೆಗಳನ್ನು ಬಡಾವಣೆ ಮಾಡಿದ ಊರಿಗೆ ಇದಕ್ಕಿಂತ ದೊಡ್ಡ ಪಾಠವು ಬೇಕಿಲ್ಲ. ದಾರಿ ಮುಳುಗಿದ ಮೇಲೆ ಮನೆಯ ಮಾಡು ಎಷ್ಟು ಗಟ್ಟಿಯಾಗಿದ್ದರೇನು?

ಇನ್ನು, ಚಾವಣಿಯು ತಾನೇ ಹವೆಗೆ ಸೋತ ಉದಾಹರಣೆಗಳೂ ಇರುವುವು. 2005ರಲ್ಲಿ ಕತ್ರಿನಾ ಚಂಡಮಾರುತವು ಬಂದಾಗ ನ್ಯೂ ಆರ್ಲಿಯನ್ಸಿನ ಸೂಪರ್‌ಡೋಮ್ ಕ್ರೀಡಾಂಗಣದಲ್ಲಿ ಸಾವಿರಾರು ನಿರಾಶ್ರಿತರು ಸೇರಿದ್ದರು. ಗಾಳಿಯು ಅವರ ತಲೆಯ ಮೇಲಿನ ಹೊದಿಕೆಯನ್ನೇ ಸೀಳಿತು. 2010ರ ಡಿಸೆಂಬರಿನಲ್ಲಿ ಮಿನಿಯಾಪೊಲಿಸ್ ನಗರದ ಮೆಟ್ರೋಡೋಮಿನ ಬಟ್ಟೆಯ ಚಾವಣಿಯು ಹಿಮದ ಭಾರಕ್ಕೆ ಹರಿದು ಕುಸಿಯಿತು. 2024ರ ಅಕ್ಟೋಬರಿನಲ್ಲಿ ಮಿಲ್ಟನ್ ಚಂಡಮಾರುತವು ಫ್ಲಾರಿಡಾದ ಟ್ರಾಪಿಕಾನಾ ಫೀಲ್ಡಿನ ಚಾವಣಿಯನ್ನು ಚಿಂದಿಮಾಡಿತು. ಅಲ್ಲಿನ ತಂಡವು 2025ರ ಋತುವಿನಲ್ಲಿ ತನ್ನ ಊರಿನ ಪಂದ್ಯಗಳನ್ನು ಬೇರೊಂದು ತೆರೆದ ಮೈದಾನದಲ್ಲಿ ಆಡಬೇಕಾಯಿತು. ಚಾವಣಿಯನ್ನು ಕಟ್ಟಿದರೆ ಸಾಲದು. ವರ್ಷ ವರ್ಷವೂ ಅದನ್ನು ಕಾಯಬೇಕು. ಕಟ್ಟುವಾಗಿನ ಉತ್ಸಾಹವು ಕಾಯುವಾಗ ಉಳಿಯುವುದಿಲ್ಲವೆಂಬುದನ್ನು ನಮ್ಮ ಸಾರ್ವಜನಿಕ ಕಟ್ಟಡಗಳ ಗೋಡೆಗಳೇ ಹೇಳುವುವು.

ಮುಚ್ಚುವ ಚಾವಣಿಯು ಎಲ್ಲಿಯೂ ಸಾರ್ಥಕವಾಗಿಲ್ಲವೆಂದು ನಾವು ಹೇಳುತ್ತಿಲ್ಲ. ಮೆಲ್ಬರ್ನಿನ ಟೆನಿಸ್ ಅಂಗಳಕ್ಕೆ 1988ರಲ್ಲಿಯೇ ಸರಿಸುವ ಚಾವಣಿಯನ್ನು ಹಾಕಿದರು. 2014ರ ಜನವರಿಯಲ್ಲಿ ಅಲ್ಲಿ ಉಷ್ಣತೆಯು ನಾಲ್ಕು ದಿನ ಬಿಡದೆ 40 ಡಿಗ್ರಿಯನ್ನು ದಾಟಿದಾಗ, ಹೊರಗಿನ ಅಂಗಳಗಳಲ್ಲಿ ಆಟಗಾರರು ತತ್ತರಿಸಿದರು. ಚಾವಣಿಯುಳ್ಳ ದೊಡ್ಡ ಅಂಗಳಗಳಲ್ಲಿ ಅದನ್ನು ಮುಚ್ಚಿ ಆಟ ನಡೆಸಲು ಸಾಧ್ಯವಾಯಿತು. ವಿಂಬಲ್ಡನ್ನಿನ ಮುಖ್ಯ ಅಂಗಳಕ್ಕೆ 2009ರಲ್ಲಿ ಚಾವಣಿ ಬಂದಿತು. ನಮ್ಮಂತೆಯೇ ಗುಡುಗುಮಳೆಯ ನಾಡಾದ ಸಿಂಗಪುರದಲ್ಲಿ 2014ರಲ್ಲಿ ತೆರೆದ ರಾಷ್ಟ್ರೀಯ ಕ್ರೀಡಾಂಗಣವು 310 ಮೀಟರ್ ಅಗಲದ ಗುಮ್ಮಟವನ್ನು ಹೊತ್ತು ನಿಂತಿರುವುದು. ಅದರ ನಡುಭಾಗವು ತೆರೆದು ಮುಚ್ಚುವುದು. ಪ್ರೇಕ್ಷಕರ ಆಸನಗಳ ಬಳಿಯಿಂದಲೇ ತಂಪುಗಾಳಿ ಬರುವುದು. ಅಲ್ಲಿಯೂ ಆರಂಭದ ತಿಂಗಳುಗಳಲ್ಲಿ ಹುಲ್ಲು ಸರಿಯಾಗಿ ಹಿಡಿಯದೆ ಟೀಕೆ ಎದ್ದಿತೆಂಬುದನ್ನು ಮಾತ್ರ ಮರೆಯಬಾರದು.

ಆದರೆ ಟೆನಿಸ್ ಅಂಗಳವೆಲ್ಲಿ, ಕ್ರಿಕೆಟ್ ಮೈದಾನವೆಲ್ಲಿ! ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್ ಕ್ರೀಡಾಂಗಣದಲ್ಲಿ 2000ದ ಆಗಸ್ಟಿನಲ್ಲಿ, ಚಳಿಗಾಲದ ನಡುವೆ, ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾ ತಂಡಗಳು ಚಾವಣಿಯ ಕೆಳಗೆ ಅಂತರರಾಷ್ಟ್ರೀಯ ಪಂದ್ಯಗಳನ್ನು ಆಡಿದುದುಂಟು. ಆ ಚಾವಣಿಯು ನೆಲದಿಂದ 38 ಮೀಟರ್ ಎತ್ತರದಲ್ಲಿದ್ದರೂ ಬಲವಾಗಿ ಹೊಡೆದ ಚೆಂಡು ಅದಕ್ಕೆ ತಗುಲುವುದುಂಟು. ಅದಾಗಿ ಕಾಲು ಶತಮಾನವು ಕಳೆದರೂ ಕ್ರಿಕೆಟ್ಟು ಬಹುಮಟ್ಟಿಗೆ ಬಾನಿನ ಕೆಳಗಿನ ಆಟವಾಗಿಯೇ ಉಳಿದಿರುವುದು.

ಹಾಗಾದರೆ ಮಳೆಗೆ ಮದ್ದೇ ಇಲ್ಲವೆ? ಇದೆ; ಅದು ನಮ್ಮ ಊರಿನಲ್ಲಿಯೇ ಇರುವುದು. 2015ರ ನವೆಂಬರಿನಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾಗಳ ನಡುವೆ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆಯಬೇಕಾಗಿದ್ದ ಟೆಸ್ಟ್ ಪಂದ್ಯದಲ್ಲಿ ಮೊದಲ ದಿನದ ಹೊರತು ಉಳಿದ ನಾಲ್ಕು ದಿನಗಳೂ ಮಳೆಯ ಪಾಲಾದುವು. 2017ರಲ್ಲಿ ಅಲ್ಲಿ ಸಬ್‌ಏರ್ ಎಂಬ ಏರ್ಪಾಡನ್ನು ನೆಲದಡಿಯಲ್ಲಿ ಅಳವಡಿಸಿದರು. ಮರಳಿನ ಹಾಸಿನ ಕೆಳಗೆ ತೂತುಗಳುಳ್ಳ ಕೊಳವೆಗಳಿರುವುವು. ಯಂತ್ರವು ಅವುಗಳ ಮೂಲಕ ಗಾಳಿಯನ್ನು ಸೆಳೆದು ನೆಲದ ನೀರನ್ನು ಹೀರುವುದು. 2024ರ ಮೇ 18ರ ರಾತ್ರಿ ಮಳೆ ಬಂದು ಆಟ ನಿಂತರೂ, ಬೆಂಗಳೂರು ಚೆನ್ನೈ ತಂಡಗಳ ಪಂದ್ಯವು ಒಂದು ಓವರೂ ಕಡಿತವಾಗದೆ ಮುಗಿಯಿತು. ಮಳೆಯೇ ನಿಲ್ಲದಿದ್ದರೆ ಈ ಯಂತ್ರವೂ ಕೈಚೆಲ್ಲುವುದು. 2024ರ ಅಕ್ಟೋಬರಿನ ಟೆಸ್ಟಿನ ಮೊದಲ ದಿನವೂ, 2025ರ ಮೇ 17ರ ಪಂದ್ಯವೂ ಪೂರ್ತಿಯಾಗಿ ಕೊಚ್ಚಿಹೋದುವು. ಇದಕ್ಕಾಗಿ ಬಾನನ್ನು ಮುಚ್ಚಬೇಕೆ? ಆಟ ನಿಂತರೆ ಹಣವನ್ನು ಹಿಂದಿರುಗಿಸಬಹುದು, ಇನ್ನೊಂದು ದಿನವನ್ನು ಗೊತ್ತುಮಾಡಬಹುದು. ಕತಾರ್ ದೇಶದವರು ಎಷ್ಟು ತಂಪುಯಂತ್ರಗಳನ್ನು ಇಟ್ಟರೂ, 2022ರ ವಿಶ್ವ ಫುಟ್‌ಬಾಲ್ ಪಂದ್ಯಾವಳಿಯನ್ನು ಬೇಸಗೆಯಿಂದ ನವೆಂಬರ್ ಡಿಸೆಂಬರುಗಳಿಗೆ ಮುಂದೂಡಬೇಕಾಯಿತು. ಪಂಚಾಂಗವನ್ನು ನೋಡಿ ಆಟವನ್ನಿಡುವುದು ಎಲ್ಲ ಚಾವಣಿಗಳಿಗಿಂತ ಅಗ್ಗವಾದ ಚಾವಣಿ.

ಕಳೆದುಹೋದ ಆಟವನ್ನು ಮತ್ತೆ ಆಡಬಹುದು. ಕಳೆದುಹೋದ ಪ್ರಾಣವನ್ನು ತರುವವರಾರು? ಆದುದರಿಂದ ಎರಡನೆಯ ಪ್ರಶ್ನೆಯೇ ಮುಖ್ಯವಾದುದೆಂದು ನಮ್ಮ ದೃಢವಾದ ಅಭಿಪ್ರಾಯ. 2023ರ ಏಪ್ರಿಲ್ 16ರಂದು ನವಿಮುಂಬಯಿಯ ಖಾರ್ಘರಿನ ಬಯಲಿನಲ್ಲಿ ಮಹಾರಾಷ್ಟ್ರ ಸರ್ಕಾರದ ಪ್ರಶಸ್ತಿ ಪ್ರದಾನದ ಸಮಾರಂಭವು ನಡೆಯಿತು. ಅದು ಆಟವಲ್ಲ, ಆದರೆ ಜನಸಂದಣಿಯ ಧರ್ಮವೊಂದೇ. ವೇದಿಕೆಯ ಮೇಲಿನ ಗಣ್ಯರಿಗೆ ನೆರಳಿದ್ದಿತು. ಲಕ್ಷಾಂತರ ಜನರು ಗಂಟೆಗಟ್ಟಲೆ ಸುಡುಬಿಸಿಲಿನಲ್ಲಿ ಕುಳಿತಿದ್ದರು. ಅವರಲ್ಲಿ 14 ಮಂದಿ ಬಿಸಿಲಿನ ಹೊಡೆತಕ್ಕೆ ಪ್ರಾಣ ಬಿಟ್ಟರು. ಚಾವಣಿಯ ವಿಚಾರದಲ್ಲಿ ಇದಕ್ಕಿಂತ ಹೆಚ್ಚಿನ ಸಾಕ್ಷ್ಯವನ್ನು ಯಾವ ಇಂಜಿನಿಯರೂ ಕೊಡಲಾರನು.

ಕ್ರೀಡಾಂಗಣಗಳಲ್ಲಿಯೂ ಇದೇ ಪಂಕ್ತಿಭೇದವನ್ನು ಕಾಣುತ್ತೇವೆ. 2024ರ ಅಕ್ಟೋಬರಿನಲ್ಲಿ ಪುಣೆಯ ಬಳಿಯ ಗಹುಂಜೆಯಲ್ಲಿ ಭಾರತ ಮತ್ತು ನ್ಯೂಜಿಲೆಂಡುಗಳ ಟೆಸ್ಟ್ ಪಂದ್ಯದ ಮೊದಲ ದಿನ, ಬಹುಭಾಗಕ್ಕೆ ಚಾವಣಿಯೇ ಇಲ್ಲದ ಗ್ಯಾಲರಿಗಳಲ್ಲಿ ಕುಳಿತ ಜನರಿಗೆ ಕುಡಿಯುವ ನೀರೂ ಸಿಕ್ಕದೆ ಗದ್ದಲವೆದ್ದಿತು. ವ್ಯವಸ್ಥಾಪಕರು ಕ್ಷಮೆ ಕೇಳಿ, ನೀರನ್ನು ಉಚಿತವಾಗಿ ಒದಗಿಸುವೆವೆಂದರು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ರೀತಿಯಿದು. ನಮ್ಮ ನಾಡಿನಲ್ಲಿ ಮದುವೆಗೆ ನಾಲ್ಕು ಜನರನ್ನು ಕರೆಯುವ ಬಡವನೂ ಮೊದಲು ಚಪ್ಪರವನ್ನು ಹಾಕಿಸುವನು. ಜಾತ್ರೆಯ ಊರಿನವರು ದಾರಿಯಲ್ಲಿ ಅರವಟಿಗೆಯನ್ನು ಇಡುವರು. ಕರೆದವನ ಧರ್ಮವದು. ಹಣ ಕೊಟ್ಟು ಬಂದ ಸಾವಿರಾರು ಜನರಿಗೆ ಅಷ್ಟನ್ನೂ ಮಾಡದವರು ಗಾಜಿನ ಕೋಣೆಗಳಲ್ಲಿ ತಂಪುಗಾಳಿಯನ್ನು ಮಾರುವುದು ನಾಚಿಕೆಗೇಡು.

ಬಿಸಿಲನ್ನು ಸಹಿಸಲಾರದವನು ಮನೆಯಲ್ಲಿಯೇ ಕುಳಿತು ಟೆಲಿವಿಷನ್ನಿನಲ್ಲಿ ನೋಡಲಿ, ಬಲವಂತವೇನಿದೆ ಎಂದು ಕೆಲವರು ಹೇಳಬಹುದು. ಪ್ರೇಕ್ಷಕನು ಇಷ್ಟಪಟ್ಟು ಬರುವನೆಂಬುದು ನಿಜ. ಆದರೆ ಒಳಗೆ ಬಂದ ಮೇಲೆ ಅವನು ಸ್ವತಂತ್ರನಲ್ಲ. ಕುಡಿಯುವ ನೀರಿನ ಬಾಟಲಿಯನ್ನೂ ಕೊಡೆಯನ್ನೂ ಬಾಗಿಲಲ್ಲಿ ಕಿತ್ತುಕೊಳ್ಳುವುದು ನಮ್ಮಲ್ಲಿ ವಾಡಿಕೆ. ಒಮ್ಮೆ ಹೊರಕ್ಕೆ ಹೋದರೆ ಮತ್ತೆ ಒಳಕ್ಕೆ ಬಿಡುವುದಿಲ್ಲ. ನೆರಳನ್ನು ಕಸಿದುಕೊಂಡವರೇ ನೆರಳನ್ನು ಕೊಡಲು ಬದ್ಧರಾಗಿರುವರು.

ಇದು ಅಸಾಧ್ಯವಾದ ಕಾರ್ಯವೂ ಅಲ್ಲ. ಮುಂಬಯಿಯ ವಾಂಖೆಡೆ ಮತ್ತು ಚೆನ್ನೈಯ ಚಿದಂಬರಂ ಕ್ರೀಡಾಂಗಣಗಳನ್ನು 2011ರ ವಿಶ್ವಕಪ್ಪಿನ ಕಾಲದಲ್ಲಿ ನವೀಕರಿಸುವಾಗ ಗ್ಯಾಲರಿಗಳಿಗೆ ಬಿಗಿದ ಬಟ್ಟೆಯಂತಹ ಹಗುರವಾದ ಚಾವಣಿಗಳನ್ನು ಹಾಕಿದರು. ಬಿಳಿಯ ಹೊದಿಕೆಯು ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುವುದು. ಬರಿಯ ತಗಡಿನ ಮಾಡಾದರೆ ತಾನೇ ಕಾದು ಕೆಳಗಿದ್ದವರನ್ನು ಬೇಯಿಸುವುದು. ಗಾಳಿಯಾಡಲು ಹಿಂಬದಿಯಲ್ಲಿ ತೆರವಿಲ್ಲದಿದ್ದರೆ ಯಾವ ಮಾಡೂ ಒಲೆಯಾಗುವುದು. ಸಿಡಿಲಿನ ವಿಚಾರವನ್ನೂ ಮರೆಯಬಾರದು. ನಮ್ಮ ದೇಶದಲ್ಲಿ ಸಿಡಿಲು ಬಡಿದು ಸಾಯುವವರ ಸಂಖ್ಯೆಯು ವರ್ಷಕ್ಕೆ ಎರಡು ಸಾವಿರವನ್ನು ಮೀರುವುದುಂಟು. 2025ರ ಜೂನಿನಲ್ಲಿ ಅಮೆರಿಕದ ಷಾರ್ಲಟ್ ನಗರದಲ್ಲಿ, ಇನ್ನು ಕೆಲವೇ ನಿಮಿಷಗಳಲ್ಲಿ ಮುಗಿಯಲಿದ್ದ ಚೆಲ್ಸಿ ಮತ್ತು ಬೆನ್‌ಫಿಕಾ ತಂಡಗಳ ಫುಟ್‌ಬಾಲ್ ಪಂದ್ಯವನ್ನು ಸಿಡಿಲಿನ ಭಯದಿಂದ ಸುಮಾರು ಎರಡು ಗಂಟೆಗಳ ಕಾಲ ನಿಲ್ಲಿಸಿದರು. ಅಲ್ಲಿ ಜನರು ಸರಿದು ನಿಲ್ಲಲು ಒಳಭಾಗವಿತ್ತು. ಗ್ಯಾಲರಿಯ ಹಿಂದೆ ಅಂತಹ ಎಡೆಯೂ, ಮಾಡಿನ ಮೇಲೆ ಮಿಂಚುವಾಹಕವೂ, ಆಟ ನಿಲ್ಲಿಸುವ ಅಧಿಕಾರವುಳ್ಳ ಒಬ್ಬ ಮನುಷ್ಯನೂ ಇರಬೇಕು.

ಗ್ಯಾಲರಿಯ ಚಾವಣಿಯು ಬರಿಯ ವೆಚ್ಚವಲ್ಲ, ಆಸ್ತಿಯೂ ಹೌದು. ಚಿನ್ನಸ್ವಾಮಿ ಕ್ರೀಡಾಂಗಣದ ಮಾಡಿನ ಮೇಲೆ 2015ರಲ್ಲಿ ಸೌರಫಲಕಗಳನ್ನು ಹಾಕಿ ವಿದ್ಯುತ್ತನ್ನು ಪಡೆಯಲಾರಂಭಿಸಿದರು. ಮಾಡಿನ ಮೇಲೆ ಬಿದ್ದ ಮಳೆನೀರನ್ನು ಹಿಡಿದಿಟ್ಟರೆ ಬೇಸಗೆಯಲ್ಲಿ ಹುಲ್ಲಿಗೆ ಕಾವೇರಿಯನ್ನು ಬೇಡುವ ಅಗತ್ಯವು ಕಡಮೆಯಾಗುವುದು.

ಅಂಗಳವನ್ನೇ ಮುಚ್ಚಬೇಕೆಂಬ ಹಂಬಲವಿರುವವರಿಗೆ ನಾವು ಬೇರೊಂದು ದಾರಿಯನ್ನು ತೋರಿಸುವೆವು. ಪ್ರಕಾಶ್ ಪಡುಕೋಣೆಯವರು ಬ್ಯಾಡ್ಮಿಂಟನ್ ಕಲಿತುದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆಯ ಹಾಲಿನಲ್ಲಿ. ಲಗ್ನವಿಲ್ಲದ ದಿನಗಳಲ್ಲಿ ಮಾತ್ರ ಅಲ್ಲಿ ಆಟ. ಆ ಮಾಡಿನ ಕೆಳಗೆ ಬೆಳೆದ ಹುಡುಗನು 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದು ತಂದನು. ಮಣ್ಣಿನ ಆಟವಾದ ಕಬಡ್ಡಿಯೂ ಈಗ ಮಾಡಿನ ಕೆಳಗಿನ ಮ್ಯಾಟಿಗೆ ಬಂದಿರುವುದು. ಒಂದು ಮಹಾಮೈದಾನದ ಮೇಲೆ ಸರಿಸುವ ಗುಮ್ಮಟವನ್ನು ನಿಲ್ಲಿಸುವ ಹಣದಲ್ಲಿ ಎಷ್ಟು ತಾಲ್ಲೂಕುಗಳಲ್ಲಿ ಸಾಧಾರಣವಾದ ಆಟದ ಹಾಲುಗಳು ಏಳಬಹುದೆಂಬುದನ್ನು ಹಣಕಾಸಿನ ಇಲಾಖೆಯವರು ಲೆಕ್ಕ ಹಾಕಿ ನೋಡಲಿ. ಹಾಸಿಗೆಯಿದ್ದಷ್ಟು ಕಾಲು ಚಾಚುವುದು ಜಾಣತನ.

ಆದುದರಿಂದ ನಮ್ಮ ಸೂಚನೆಯು ಸರಳವಾದುದು. ಮೊದಲು ಹವೆಗೆ ಹೊಂದುವ ವೇಳಾಪಟ್ಟಿ. ಅನಂತರ ಅಂಗಳದ ಕೆಳಗೆ ನೀರು ಹೀರುವ ಏರ್ಪಾಡು, ಸುತ್ತಣ ಬೀದಿಗಳಲ್ಲಿ ನೀರು ಹರಿಯುವ ಕಾಲುವೆ. ಅದರೊಡನೆಯೇ ಎಲ್ಲ ಆಸನಗಳಿಗೂ ಗಾಳಿಯಾಡುವ ಚಾವಣಿ ಮತ್ತು ಉಚಿತವಾದ ನೀರು. ಬಾನನ್ನು ಮುಚ್ಚುವ ಗುಮ್ಮಟದ ಮಾತು ಕಟ್ಟಕಡೆಗೆ ಬರಲಿ. ಚಾವಣಿ ಹಾಕಲು ಹಣ ಸಾಲದೆ ಬಂದರೆ, ಅತಿ ಅಗ್ಗದ ಟಿಕೆಟಿನ ಮೆಟ್ಟಿಲುಗಳಿಂದ ಆರಂಭಿಸಿ ಮೇಲಕ್ಕೆ ಬರಲಿ. ಹೆಚ್ಚು ಹಣ ಕೊಟ್ಟು ಬಂದವರಿಗೆ ನೆರಳನ್ನು ಹುಡುಕಿಕೊಳ್ಳುವ ಶಕ್ತಿಯಿರುವುದು. ಸೂರ್ಯನಗರದ ಕ್ರೀಡಾಂಗಣದ ನಕ್ಷೆಯು ಅಧಿಕಾರಿಗಳ ಮೇಜಿನ ಮೇಲೆ ಬಂದಾಗ, ರುಜು ಹಾಕುವ ಮೊದಲು ಅವರು ಒಂದೇ ಒಂದು ಪ್ರಶ್ನೆಯನ್ನು ಕೇಳಲಿ: ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಕಟ್ಟಕಡೆಯ ಸಾಲಿನಲ್ಲಿ ಕುಳಿತವನ ತಲೆಯ ಮೇಲೆ ಏನಿರುವುದು? ಇದಕ್ಕೆ ನಕ್ಷೆಯಲ್ಲಿ ಉತ್ತರವಿಲ್ಲದಿದ್ದರೆ ಅದನ್ನು ಹಿಂದಕ್ಕೆ ಕಳುಹಿಸುವುದೇ ಲೇಸು.