ಟ್ರ್ಯಾಕ್ ಡೇಗೆ ಮುಂಚೆ ಬ್ರೇಕ್ ಪ್ಯಾಡ್: ಮನೆ ಅಂಗಳದಲ್ಲೇ ಬದಲಾಯಿಸಬಹುದಾ?

ಇವತ್ತು ಸ್ವಲ್ಪ ಕೈ ಕೊಳೆ ಮಾಡಿಕೊಳ್ಳೋ ವಿಷಯ.

ಸ್ವಂತ ಕಾರನ್ನ ರೇಸ್ ಟ್ರ್ಯಾಕಲ್ಲಿ ಓಡಿಸಿ ನೋಡ್ಬೇಕು ಅನ್ನೋ ನಮ್ಮ ಕಡೆ ಹುಡುಗ ಹುಡುಗಿಯರು ಸಾಮಾನ್ಯವಾಗಿ ನೋಡೋದು ಎರಡು ಜಾಗ. ಒಂದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಇನ್ನೊಂದು ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈನಲ್ಲಿ 1990ರಿಂದ ಇರೋ, ಸುಮಾರು 3.7 ಕಿ.ಮೀ. ಉದ್ದದ ಟ್ರ್ಯಾಕ್. ಎರಡೂ ದೂರ. ಅಂದ್ರೆ ದಿನವೆಲ್ಲ ಒತ್ತಿ ಒತ್ತಿ ದಣಿಸಿದ ಅದೇ ಬ್ರೇಕನ್ನ ನಂಬ್ಕೊಂಡು ನೂರಾರು ಕಿಲೋಮೀಟರ್ ವಾಪಸ್ ಊರಿಗೆ ಬರ್ಬೇಕು.

ಟ್ರ್ಯಾಕಲ್ಲಿ ಬ್ರೇಕಿಗೆ ಏನಾಗುತ್ತೆ? ಸಾವಿರ ಕಿಲೋ ತೂಕದ ಕಾರು 100 ಕಿ.ಮೀ. ವೇಗದಿಂದ ಪೂರ್ತಿ ನಿಂತರೆ, ಒಂದು ಲೀಟರಿಗಿಂತ ಹೆಚ್ಚು ನೀರು ಕುದಿಸೋವಷ್ಟು ಶಾಖ ಹುಟ್ಟುತ್ತೆ. ಅದರಲ್ಲಿ ಹೆಚ್ಚಿನ ಪಾಲು ಮುಂದಿನ ಎರಡು ಚಕ್ರಗಳ ಡಿಸ್ಕ್ ಮತ್ತು ಪ್ಯಾಡಿಗೇ ಹೋಗೋದು. ವೇಗ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಊರೊಳಗೆ ಬ್ರೇಕ್ ತಣ್ಣಗಾಗೋಕೆ ಪುರುಸೊತ್ತು ಸಿಗುತ್ತೆ, ಟ್ರ್ಯಾಕಲ್ಲಿ ಮುಂದಿನ ತಿರುವು ಬಂದೇಬಿಡುತ್ತೆ. ಸವೆದ ಪ್ಯಾಡು ಶಾಖವನ್ನ ಬೇಗ ಒಳಗಿನ ಆಯಿಲಿಗೆ ದಾಟಿಸುತ್ತೆ. ಆಯಿಲ್ ಕುದ್ದು ಗುಳ್ಳೆ ಬಂದರೆ ಪೆಡಲ್ ಮೆತ್ತಗೆ ನೆಲಕ್ಕೆ ಇಳಿಯುತ್ತೆ, ಕಾರು ಮಾತ್ರ ನಿಲ್ಲಲ್ಲ.

ಅದಕ್ಕೇ ಪ್ಯಾಡಿನ ಜೊತೆ ಬ್ರೇಕ್ ಆಯಿಲನ್ನೂ ಹೊಸದು ಹಾಕಿಸಿ. ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಆಯಿಲ್ ಬದಲಾಯಿಸಿ ಗಾಳಿ ತೆಗೆಯೋದನ್ನ ಮೆಕ್ಯಾನಿಕ್ ಹತ್ರವೇ ಮಾಡಿಸಿ. ಹಿಂದಿನ ಡ್ರಮ್ ಬ್ರೇಕೂ ಅವರಿಗೇ ಇರಲಿ. ಮುಂದಿನ ಪ್ಯಾಡು ಮಾತ್ರ ಮನೇಲಿ ಮಾಡಬಹುದಾದ ಕೆಲಸ.

ಜಾಗ ಮುಖ್ಯ. ಮಣ್ಣಿನ ನೆಲದಲ್ಲಿ ಜಾಕಿ ಹೂತುಹೋಗುತ್ತೆ. ಅಡಿಕೆ ಒಣಗಿಸೋ ಸಿಮೆಂಟ್ ಕಣ ಇದ್ದರೆ ಅದಕ್ಕಿಂತ ಒಳ್ಳೇದು ಬೇಡ. ಕಾರು ಗೇರಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಚಕ್ರದ ನಟ್ಟನ್ನ ಎತ್ತೋ ಮೊದಲೇ ಸಡಿಲ ಮಾಡಿ. ಎತ್ತಿದ ಮೇಲೆ ಸ್ಟ್ಯಾಂಡ್ ಕೊಡ್ಲೇಬೇಕು, ಬರೀ ಜಾಕಿ ಮೇಲೆ ನಿಂತ ಕಾರಿನ ಹತ್ರ ಕೈ ಹಾಕೋದೇ ಬೇಡ.

ಒಂದು ಪಕ್ಕ ಮುಗಿಸಿ ಇನ್ನೊಂದಕ್ಕೆ ಹೋಗಿ. ಗೊಂದಲ ಆದರೆ ಬಿಚ್ಚದ ಪಕ್ಕ ನೋಡ್ಕೋಬಹುದು. ಸಾಮಾನ್ಯ ಸಣ್ಣ ಕಾರುಗಳಲ್ಲಿ ಕ್ಯಾಲಿಪರಿನ ಕೆಳಗಿನ ಬೋಲ್ಟ್ ತೆಗೆದರೆ ಅದು ಬಾಗಿಲಿನ ಹಾಗೆ ಮೇಲಕ್ಕೆ ತೆರೆಯುತ್ತೆ. ಪೂರ್ತಿ ಬಿಚ್ಚೋದಾದರೆ ತಂತಿಯಲ್ಲಿ ಕಟ್ಟಿ, ರಬ್ಬರ್ ಪೈಪಿಗೆ ಜೋತು ಬಿಡಬೇಡಿ. ಧೂಳನ್ನ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಜಗಳೂರಿನ ಧೂಳಲ್ಲಿ, ಹೊನ್ನಾಳಿ ಗದ್ದೆ ದಾರಿಯ ಕೆಸರಲ್ಲಿ ಓಡಿದ ಕಾರಾದರೆ ಕ್ಯಾಲಿಪರ್ ಜಾರೋ ಪಿನ್ನುಗಳು ಬಿಗಿಯಾಗಿರಬಹುದು. ಅದನ್ನ ಸರಿಮಾಡದೆ ಹೊಸ ಪ್ಯಾಡ್ ಹಾಕಿದರೆ ಒಂದೇ ಪ್ಯಾಡ್ ಸವೆಯುತ್ತೆ, ದುಡ್ಡು ದಂಡ. ಪಿನ್ನಿಗೆ ಬ್ರೇಕ್ ಗ್ರೀಸ್ ಹಚ್ಚಿ, ಪ್ಯಾಡಿನ ಮುಖಕ್ಕೆ ಒಂದು ಹನಿಯೂ ತಾಗಬಾರದು.

ಪಿಸ್ಟನ್ನನ್ನ ಸಿ ಕ್ಲ್ಯಾಂಪಲ್ಲಿ ನಿಧಾನ ಒಳಗೆ ಒತ್ತಿ. ಆಗ ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಆಯಿಲ್ ಮೇಲೇರುತ್ತೆ, ಚೆಲ್ಲಿದರೆ ಪೇಂಟ್ ಹೋಗುತ್ತೆ. ಡಿಸ್ಕ್ ಮೇಲೆ ಕೊರೆದಿರೋ ಕನಿಷ್ಠ ದಪ್ಪಕ್ಕಿಂತ ಅದು ಸವೆದಿದ್ದರೆ ಡಿಸ್ಕನ್ನೂ ಬದಲಾಯಿಸಬೇಕು. ಬೋಲ್ಟುಗಳನ್ನ ಕಾರಿನ ಕೈಪಿಡಿ ಹೇಳಿದಷ್ಟೇ ಬಿಗಿ ಮಾಡಿ.

ಕೆಲಸ ಮುಗೀತು ಅಂತ ಕಾರು ತೆಗೀಬೇಡಿ! ನಿಂತಲ್ಲೇ ಪೆಡಲ್ ಗಟ್ಟಿಯಾಗೋವರೆಗೆ ಹಲವು ಸಲ ಒತ್ತಿ. ಒಳಗೆ ಒತ್ತಿದ ಪಿಸ್ಟನ್ ಮತ್ತೆ ಪ್ಯಾಡಿಗೆ ತಾಗೋವರೆಗೆ ಬ್ರೇಕೇ ಇರಲ್ಲ. ಆಮೇಲೆ ಬೆಳಗಿನ ಜಾವ, ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ 60ರಿಂದ 20ಕ್ಕೆ ಎಂಟ್ಹತ್ತು ಸಲ ವೇಗ ಇಳಿಸಿ, ಪೂರ್ತಿ ನಿಲ್ಲಿಸದೆ. ಹೆದ್ದಾರಿ 48 ಇದಕ್ಕಲ್ಲ. ಪ್ಯಾಕೆಟ್ ಮೇಲೆ ಕಂಪನಿಯ ಬೇರೆ ಸೂಚನೆ ಇದ್ದರೆ ಅದನ್ನೇ ಪಾಲಿಸಿ.

ರೇಸಿಂಗ್ ಪ್ಯಾಡ್ ಬೇಕಾ ಅಂತ ಕೇಳೋರಿಗೆ: ಮೊದಲ ಸಲಕ್ಕೆ ಬೇಡ ಅನ್ನೋದು ನನ್ನ ಅಭಿಪ್ರಾಯ. ಅಂಥ ಎಷ್ಟೋ ಪ್ಯಾಡುಗಳು ಬಿಸಿಯಾಗದೆ ಸರಿಯಾಗಿ ಹಿಡಿಯಲ್ಲ, ನ್ಯಾಮತಿ ಸಂತೇಲಿ ಎದುರಿಗೆ ಎಮ್ಮೆ ಬಂದಾಗ ಬಿಸಿ ಮಾಡ್ಕೊಂಡು ಕೂರೋಕಾಗಲ್ಲ. ಒಳ್ಳೆ ರಸ್ತೆ ಪ್ಯಾಡ್, ಹೊಸ ಆಯಿಲ್, ನಾಲ್ಕೈದು ಸುತ್ತಾದ ಮೇಲೆ ಒಂದು ನಿಧಾನದ ಸುತ್ತು, ಇಷ್ಟು ಸಾಕು. ಪಿಟ್ಟಿಗೆ ಬಂದಾಗ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಇಳೀರಿ.