ಮದ್ದು ಮತ್ತು ಮಿತಿ

ಕನ್ನಡದಲ್ಲಿ ‘ಮದ್ದು’ ಎಂಬುದು ವಿಚಿತ್ರವಾದ ಮಾತು. ಔಷಧಕ್ಕೂ ಅದೇ ಹೆಸರು, ಕೋವಿಗೆ ತುಂಬುವ ಪುಡಿಗೂ ಅದೇ ಹೆಸರು. ‘ಮದ್ದು ಹಾಕಿದ್ದಾರೆ’ ಎಂದು ಹಳ್ಳಿಯಲ್ಲಿ ಪಿಸುಗುಟ್ಟಿದರೆ ಅದು ವಿಷದ ಮಾತು. ಮೂವತ್ತು ವರ್ಷ ತರಗತಿಯಲ್ಲಿ ಈ ಅರ್ಥವೈವಿಧ್ಯವನ್ನು ವಿವರಿಸಿದ ನನಗೆ ಅದರ ನಿಜವಾದ ಪಾಠವಾದದ್ದು ಉಡಿಗಾಲದಲ್ಲಿ, ಅಕ್ಕನ ಮನೆಯ ಜಗುಲಿಯ ಮೇಲೆ.

ಚಾಮರಾಜನಗರ, ಗುಂಡ್ಲುಪೇಟೆಗಳ ಈ ಸೀಮೆ ಅರಿಸಿನ ಬೆಳೆಯುವ ನೆಲ. ಹೊಲದಲ್ಲಿ ಬಗ್ಗಿ ದುಡಿದು ಅಕ್ಕನ ಮಂಡಿಗಳು ಸವೆದಿದ್ದವು. ವೈದ್ಯರು ಐದು ದಿನಕ್ಕೆಂದು ಬರೆದುಕೊಟ್ಟ ಡೈಕ್ಲೋಫೆನಾಕ್ ಮಾತ್ರೆಯನ್ನು ಆಕೆ ಐದು ತಿಂಗಳು ನುಂಗಿದಳು. “ನುಂಗುದ್ರೆ ನೋವೇ ಇರದಿಲ್ಲ ಕಣಪ್ಪ” ಎನ್ನುವಳು. ಹಳೆಯ ಚೀಟಿಯನ್ನೇ ತೋರಿಸಿ ಪೇಟೆಯಿಂದ ಮಾತ್ರೆ ತಂದುಕೊಡುತ್ತಿದ್ದವನು ನಾನೇ. ಒಂದು ದಿನ ಆಕೆಯ ಮಲ ಡಾಂಬರಿನಂತೆ ಕಪ್ಪಾಯಿತು. ರಾಗಿಮುದ್ದೆಯ ಬಣ್ಣವಿರಬೇಕೆಂದು ಸುಮ್ಮನಾದೆವು. ಮೂರನೆಯ ದಿನ ತಲೆಸುತ್ತಿ ಬಿದ್ದಳು. ಜಠರದ ಹುಣ್ಣಿನಿಂದ ರಕ್ತ ಸೋರುತ್ತಿತ್ತು. ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಉಳಿಸಿದರು.

ಹೀಗೇಕಾಯಿತು? ದೇಹಕ್ಕೆ ಪೆಟ್ಟಾದೆಡೆ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಹುಟ್ಟಿ ಊತವನ್ನೂ ನೋವನ್ನೂ ಹೆಚ್ಚಿಸುತ್ತವೆ. ಆಸ್ಪಿರಿನ್ ಜಾತಿಯ ಔಷಧಗಳು ಅವುಗಳ ಉತ್ಪತ್ತಿಯನ್ನೇ ತಡೆಯುತ್ತವೆಂದು ಇಂಗ್ಲೆಂಡಿನ ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಆದರೆ ಇದೇ ರಾಸಾಯನಿಕಗಳು ಜಠರದ ಒಳಪೊರೆಯನ್ನು ಆಮ್ಲದಿಂದ ಕಾಯುತ್ತವೆ. ಮೂತ್ರಪಿಂಡಕ್ಕೆ ರಕ್ತ ಹರಿಯಲು ನೆರವಾಗುತ್ತವೆ. ಕಳ್ಳನನ್ನು ಓಡಿಸಹೋಗಿ ಕಾವಲುಗಾರನನ್ನೂ ಓಡಿಸಿದಂತಾಯಿತು. ಜಠರಕ್ಕೆ ಹಿತವೆಂದು ಬಂದ ರೋಫೆಕಾಕ್ಸಿಬ್ ಎಂಬ ಮಾತ್ರೆ ಹೃದಯಾಘಾತದ ಅಪಾಯವನ್ನು ಹೆಚ್ಚಿಸುವುದೆಂದು ತಿಳಿದು, 2004ರಲ್ಲಿ ಮಾರುಕಟ್ಟೆಯಿಂದಲೇ ಮರೆಯಾಯಿತು.

ನೆರೆಯ ಬಂಡೀಪುರದ ಕಾಡಿನಲ್ಲಿ ರಣಹದ್ದುಗಳಿವೆ. ಡೈಕ್ಲೋಫೆನಾಕ್ ಪಡೆದು ಸತ್ತ ದನಗಳ ಮಾಂಸ ತಿಂದು, ಮೂತ್ರಪಿಂಡ ಕೆಟ್ಟು, ದೇಶದಲ್ಲಿ ಈ ಪಕ್ಷಿಗಳು ಲಕ್ಷಗಟ್ಟಲೆ ಸತ್ತವು. 2006ರಲ್ಲಿ ದನಗಳಿಗೆ ಆ ಔಷಧ ಕೊಡುವುದನ್ನು ಸರ್ಕಾರ ನಿಷೇಧಿಸಿತು. ನಮ್ಮ ಮೂತ್ರಪಿಂಡ ಹದ್ದಿನದಷ್ಟು ಸೂಕ್ಷ್ಮವಲ್ಲ, ನಿಜ. ಒಂದು ಜೀವಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾಗಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಹಾಗೆಂದು ಈ ಔಷಧಗಳನ್ನು ದೂಷಿಸುವುದು ಸಲ್ಲದು, ಬೇಕಾದದ್ದು ಮಿತಿ. ನೋವನ್ನು ತಗ್ಗಿಸುವ ಅತಿ ಕಡಿಮೆ ಪ್ರಮಾಣ, ಅತಿ ಕಡಿಮೆ ದಿನ—ಇದು ಮೊದಲ ಸೂತ್ರ. ಊಟದ ನಂತರ ನುಂಗಿದರೆ ಹೊಟ್ಟೆಯುರಿ ಕಡಿಮೆಯಾದೀತು, ಹುಣ್ಣಿನ ಭಯ ತಪ್ಪದು. ಹೆಸರು ಬೇರೆಯಾದರೂ ಒಂದೇ ಜಾತಿಯ ಎರಡು ಮಾತ್ರೆಗಳನ್ನು ಕೂಡಿಸಬಾರದು. ಹಿಂದೆ ಹುಣ್ಣಾಗಿದ್ದವರು, ಮೂತ್ರಪಿಂಡ, ಹೃದಯ ಅಥವಾ ಉಬ್ಬಸದ ತೊಂದರೆಯುಳ್ಳವರು, ಗರ್ಭಿಣಿಯರು, ರಕ್ತದೊತ್ತಡಕ್ಕೋ ರಕ್ತ ಹೆಪ್ಪುಗಟ್ಟದಿರಲೋ ಔಷಧ ಸೇವಿಸುವವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ನನ್ನು ತಾವಾಗಿ ನಿಲ್ಲಿಸಲೂ ಬಾರದು. ಜ್ವರದೊಡನೆ ಮೈಕೈ ನೋವಿದ್ದಾಗ, ಅದು ಡೆಂಗೆ ಅಲ್ಲವೆಂದು ವೈದ್ಯರು ಹೇಳುವವರೆಗೆ ಈ ಮಾತ್ರೆಗಳು ಕೂಡದು. ಕಪ್ಪು ಮಲ, ರಕ್ತವಾಂತಿ, ಎದೆನೋವು, ಉಸಿರಾಟದ ತೊಂದರೆ, ಮೂತ್ರ ಕಡಿಮೆಯಾಗುವುದು, ಮೈಮೇಲೆ ಗಂಧೆ ಕಂಡರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಹಳಗನ್ನಡದ ಒಂದೊಂದು ಅಕ್ಷರಕ್ಕೂ ಜಗಳವಾಡಿದ ನಾನು ಮಾತ್ರೆಯ ಹಾಳೆಯ ಹಿಂದಿನ ಎಚ್ಚರಿಕೆಯನ್ನು ಒಮ್ಮೆಯೂ ಓದಿರಲಿಲ್ಲ. ಈಗ ಅಕ್ಕ ವೈದ್ಯರು ಹೇಳಿದ ತೊಡೆಯ ವ್ಯಾಯಾಮ ಮಾಡುತ್ತಾಳೆ, ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಾಳೆ. ನೋವು ಪೂರ್ತಿ ಹೋಗಿಲ್ಲ, ಸಹಿಸುವಷ್ಟಿದೆ. ಆಸ್ಪತ್ರೆಯಿಂದ ಬಂದ ದಿನವೇ ಆ ಹಳೆಯ ಚೀಟಿಯನ್ನು ಆಕೆ ನನ್ನ ಕೈಯಿಂದಲೇ ಒಲೆಗೆ ಹಾಕಿಸಿದಳು.