ಲಿನಕ್ಸ್ ಗಣಕದಲ್ಲಿ ತಂತ್ರಾಂಶವೂ ಆಟವೂ

ಗಣಕಯಂತ್ರವೆಂದರೆ ವಿಂಡೋಸ್, ವಿಂಡೋಸ್ ಎಂದರೆ ಗಣಕಯಂತ್ರ ಎಂಬ ಭಾವನೆ ನಮ್ಮ ಕಡೆಯಲ್ಲಿ ಇಂದಿಗೂ ಬಲವಾಗಿ ಬೇರೂರಿದೆ. ಚಿತ್ರದುರ್ಗದ ಅಂಗಡಿಯಲ್ಲಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಜೆರಾಕ್ಸ್ ಕೇಂದ್ರಗಳಲ್ಲಾಗಲಿ ಬೇರೆ ಮಾತೇ ಇಲ್ಲ. ಆದರೆ ಗಾಡಿ ಬೇರೆ, ಗಾಡಿ ಹೊಡೆಯುವವನು ಬೇರೆ. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ವಿಂಡೋಸ್ ಅಂಥದೊಂದು, ಲಿನಕ್ಸ್ ಅಂಥದೇ ಇನ್ನೊಂದು. ನಮ್ಮ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನುಗಳ ಒಳತಿರುಳು ಕೂಡ ಲಿನಕ್ಸೇ ಎಂಬುದನ್ನು ಬಲ್ಲವರು ಕಡಮೆ.

ಇದು ಈಗ ಕೇವಲ ಕುತೂಹಲದ ವಿಷಯವಾಗಿ ಉಳಿದಿಲ್ಲ. 2025ನೆಯ ಇಸವಿ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯವರು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದರು. ಅದರ ಮುಂದಿನದಾದ ವಿಂಡೋಸ್ 11 ಬೇಕೆಂದರೆ ಯಂತ್ರದಲ್ಲಿ ಟಿ.ಪಿ.ಎಂ. 2.0 ಎಂಬ ಭದ್ರತಾ ಭಾಗ ಇರಬೇಕು, 4 ಜಿ.ಬಿ. ಸ್ಮೃತಿ ಇರಬೇಕು, ಪ್ರೊಸೆಸರ್ ಸಹ ಇತ್ತೀಚಿನದಾಗಿರಬೇಕು. ಅಣ್ಣನೋ ಮಾವನೋ ಬೆಂಗಳೂರಿನಿಂದ ತಂದುಕೊಟ್ಟ ಸೆಕೆಂಡ್ ಹ್ಯಾಂಡ್ ಯಂತ್ರಗಳಲ್ಲಿ ಇವು ಎಲ್ಲಿಂದ ಬರಬೇಕು? ಕೀಲಿಮಣೆ ನೆಟ್ಟಗಿದೆ, ಪರದೆ ನೆಟ್ಟಗಿದೆ, ಡಿಸ್ಕು ತಿರುಗುತ್ತಿದೆ; ಆದರೂ ಯಂತ್ರ ಮುದುಕಾಯಿತೆಂದು ಮೂಲೆಗೆ ಸೇರುತ್ತದೆ. ಇಲ್ಲವೆ ಯಾರೋ ಪೆನ್ ಡ್ರೈವಿನಲ್ಲಿ ತಂದ ಕದ್ದ ಪ್ರತಿಯನ್ನು ಹಾಕಿಸಿಕೊಳ್ಳುವುದು, ಅದರ ಜೊತೆಗೆ ವೈರಸ್ಸನ್ನೂ ಬರಮಾಡಿಕೊಳ್ಳುವುದು. ಪ್ರಬಂಧ, ಅರ್ಜಿ, ಸ್ಪರ್ಧಾ ಪರೀಕ್ಷೆಯ ಟಿಪ್ಪಣಿ ಎಲ್ಲವನ್ನೂ ಅದರಲ್ಲಿಯೇ ಇಟ್ಟ ವಿದ್ಯಾರ್ಥಿಗೆ ಇದು ಸಣ್ಣ ಪೇಚಾಟವಲ್ಲ.

ಲಿನಕ್ಸಿನ ಹುಟ್ಟು ವಿದ್ಯಾರ್ಥಿಯೊಬ್ಬನ ಕೈಯಲ್ಲಿ ಆಯಿತೆಂಬುದು ನಮಗೆಲ್ಲ ಸಂತೋಷ ಕೊಡತಕ್ಕ ಸಂಗತಿ. ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲೀನಸ್ ಟೋರ್ವಾಲ್ಡ್ಸ್ 1991ರ ಆಗಸ್ಟಿನಲ್ಲಿ ತಾನು ಇಂಥದೊಂದನ್ನು ಬರೆಯುತ್ತಿದ್ದೇನೆಂದು ಪ್ರಕಟಿಸಿದಾಗ ಆತನಿಗೆ 21 ವರ್ಷ. ಅದಕ್ಕೂ ಮೊದಲೇ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು ಗ್ನು ಎಂಬ ಯೋಜನೆಯನ್ನು ಸಾರಿದ್ದರು. ಎರಡೂ ಕೂಡಿ ಇಂದಿನ ರೂಪವಾಯಿತು. ಇದರ ಮೂಲಸಂಹಿತೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಮತ್ತೊಬ್ಬರಿಗೆ ಹಂಚಬಹುದು. ಬಿಟ್ಟಿ ಎಂಬುದಕ್ಕಿಂತ ಸ್ವತಂತ್ರ ಎಂಬ ಮಾತೇ ಇದಕ್ಕೆ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಶಬ್ದವಿರುವುದರಿಂದ ಅವರು ಪದೇ ಪದೇ ವಿವರಿಸಬೇಕಾಗುತ್ತದೆ. ಕನ್ನಡದಲ್ಲಿ ಆ ತಾಪತ್ರಯವಿಲ್ಲ.

ಇದೆಲ್ಲ ಪಟ್ಟಣದ ಇಂಜಿನಿಯರುಗಳ ವಿಷಯ, ನಮ್ಮಂಥವರಿಗಲ್ಲ ಎನ್ನುವವರು ಕಾಸರಗೋಡಿನ ಕಡೆ ನೋಡಬೇಕು. ಕೇರಳ ಸರ್ಕಾರವು 2001ರಲ್ಲಿ ಐ.ಟಿ. ಅಟ್ ಸ್ಕೂಲ್ ಎಂಬ ಯೋಜನೆಯನ್ನು ಆರಂಭಿಸಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿಯ ಸರ್ಕಾರಿ ಪ್ರೌಢಶಾಲೆಗಳ ಗಣಕಗಳು ನಡೆಯುವುದು ಲಿನಕ್ಸಿನಿಂದ. ಅಂದಮೇಲೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಹತ್ತನೆಯ ತರಗತಿಯ ಐ.ಟಿ. ಪರೀಕ್ಷೆಯನ್ನು ಲಿನಕ್ಸಿನ ಮುಂದೆ ಕುಳಿತೇ ಕೊಡುತ್ತಾರೆ. ಹದಿನೈದು ವರ್ಷದ ಹುಡುಗಿಗೆ ಅಲ್ಲಿ ಸಾಧ್ಯವಾದದ್ದು ಇಲ್ಲಿ ಬಿ.ಎ. ಓದುವವರಿಗೆ ಅಸಾಧ್ಯವೆ?

ಲಿನಕ್ಸಿನಲ್ಲಿ ಬಗೆಗಳು ಹಲವು. ಹೊಸಬರಿಗೆ ಲಿನಕ್ಸ್ ಮಿಂಟ್ ಎಂಬುದು ಸುಲಭವೆಂದು ನನ್ನ ಅಭಿಪ್ರಾಯ. 2 ಜಿ.ಬಿ. ಸ್ಮೃತಿ ಇದ್ದರೆ ನಡೆಯುತ್ತದೆ, 4 ಇದ್ದರೆ ಸಲೀಸು. ಹಳೆಯ ಯಂತ್ರಕ್ಕೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಸುಮಾರು 3 ಜಿ.ಬಿ.ಯ ಒಂದು ಕಡತವನ್ನು ಒಮ್ಮೆ ಇಳಿಸಿಕೊಂಡು ಪೆನ್ ಡ್ರೈವಿಗೆ ಬರೆದಿಟ್ಟರೆ ಊರಿಗೆಲ್ಲ ಸಾಕು. ಹೀಗೆ ಹಂಚುವುದು ಕಾನೂನಿಗೆ ಒಪ್ಪಿಗೆಯಾದದ್ದೇ. ಡಿಸ್ಕನ್ನು ಮುಟ್ಟದೆ ಪೆನ್ ಡ್ರೈವಿನಿಂದಲೇ ಚಾಲೂ ಮಾಡಿ, ವೈಫೈ ಹಿಡಿಯುತ್ತದೆಯೇ, ಧ್ವನಿ ಬರುತ್ತದೆಯೇ ಎಂದು ಪರೀಕ್ಷಿಸಿ ನೋಡುವ ಅನುಕೂಲವೂ ಉಂಟು.

ಇನ್ನು ತಂತ್ರಾಂಶ ಹಾಕುವ ಕ್ರಮಕ್ಕೆ ಬರೋಣ. ಹೊಸಬರು ತಬ್ಬಿಬ್ಬಾಗುವುದು ಇಲ್ಲಿಯೇ. ವಿಂಡೋಸಿನಲ್ಲಿ ಯಾವುದೋ ತಾಣಕ್ಕೆ ಹೋಗಿ ಕಡತವೊಂದನ್ನು ಇಳಿಸಿಕೊಂಡು, ಎರಡು ಸಲ ಒತ್ತಿ, ಓದದೆಯೇ ಹೂಂ ಹೂಂ ಎನ್ನುತ್ತ ಹೋಗುವುದು ರೂಢಿ. ಆ ತಾಣ ಸಾಚಾ ಹೌದೋ ಅಲ್ಲವೋ ದೇವರೇ ಬಲ್ಲ. ಲಿನಕ್ಸಿನಲ್ಲಿ ಹಾಗಲ್ಲ. ಇಲ್ಲಿ ಒಂದು ದೊಡ್ಡ ಕಣಜವುಂಟು. ಡೆಬಿಯನ್ ಎಂಬ ಬಗೆಯ ಕಣಜದಲ್ಲಿ 60,000ಕ್ಕೂ ಮಿಕ್ಕಿದ ಕಟ್ಟುಗಳಿವೆ. ಪ್ರತಿಯೊಂದು ಕಟ್ಟನ್ನೂ ನೋಡಿಕೊಳ್ಳುವವರು ಇದ್ದಾರೆ. ಕಣಜದ ಪಟ್ಟಿಗೆ ಗಣಿತದ ಮೊಹರು ಇರುತ್ತದೆ. ಆ ಮೊಹರು ತಾಳೆಯಾಗದಿದ್ದರೆ ನಮ್ಮ ಯಂತ್ರ ಎಚ್ಚರಿಸಿ ತಡೆಯುತ್ತದೆ.

ಈ ಕಣಜದಿಂದ ಸರಕು ತರುವ ಆಳಿನ ಹೆಸರು ಆಪ್ಟ್. ಇವನ ಜಾಣತನವನ್ನು ತಿಳಿಯಲು ನಮ್ಮ ಹಿರಿಯೂರು ಕಡೆಯ ಕೊಳವೆಬಾವಿಯನ್ನು ನೆನೆದರೆ ಸಾಕು. ಮೋಟಾರೊಂದನ್ನೇ ತಂದರೆ ನೀರು ಬರುವುದಿಲ್ಲ. ಪೈಪು ಬೇಕು, ಕೇಬಲ್ ಬೇಕು, ಸ್ಟಾರ್ಟರ್ ಬೇಕು. ಬಲ್ಲ ಅಂಗಡಿಯವನು ಎಷ್ಟು ಅಡಿ ಎಂದು ಕೇಳಿ, ಎಲ್ಲವನ್ನೂ ಒಟ್ಟಿಗೆ ಗಾಡಿಗೆ ಹಾಕಿಸುತ್ತಾನೆ. ಮನೆಯಲ್ಲಿ ಈಗಾಗಲೇ ಕೇಬಲ್ ಇದ್ದರೆ ಅದನ್ನು ಬಿಡುತ್ತಾನೆ. ತಂತ್ರಾಂಶವೂ ಹಾಗೆಯೇ. ಒಂದು ಆಟಕ್ಕೆ ಧ್ವನಿಯ ಭಂಡಾರ ಬೇಕು, ಚಿತ್ರದ ಭಂಡಾರ ಬೇಕು. ಆಪ್ಟ್ ಇವನ್ನೆಲ್ಲ ಲೆಕ್ಕ ಹಾಕಿ, ಇಷ್ಟು ಎಂ.ಬಿ. ಇಳಿಯಬೇಕು, ಡಿಸ್ಕಿನಲ್ಲಿ ಇಷ್ಟು ಜಾಗ ಹಿಡಿಯುತ್ತದೆ, ಮುಂದುವರಿಯಲೇ ಎಂದು ಕೇಳುತ್ತದೆ. ನಾವು ಒಪ್ಪಿದ ಮೇಲೆಯೇ ಕೆಲಸ.

ಸುಡೊ ಆಪ್ಟ್ ಅಪ್‌ಡೇಟ್ ಎಂದರೆ ಕಣಜದ ಹೊಸ ಪಟ್ಟಿಯನ್ನು ತರಿಸುವುದು ಮಾತ್ರ. ತಂತ್ರಾಂಶಗಳು ಹೊಸದಾಗುವುದು ಸುಡೊ ಆಪ್ಟ್ ಅಪ್‌ಗ್ರೇಡ್ ಎಂದಾಗ. ಸುಡೊ ಆಪ್ಟ್ ಇನ್‌ಸ್ಟಾಲ್ ಎಂದು ಬರೆದು ಮುಂದೆ ಕಟ್ಟಿನ ಹೆಸರು ಹೇಳಿದರೆ ಅದು ಬಂದು ಕೂರುತ್ತದೆ. ಸುಡೊ ಎಂಬುದು ಏಳುಸುತ್ತಿನ ಕೋಟೆಯ ಒಳಬಾಗಿಲ ಕೀಲಿ. ಅದಕ್ಕಾಗಿಯೇ ಗುಟ್ಟಿನ ಪದವನ್ನು ಕೇಳುತ್ತದೆ. ಬರೆಯುವಾಗ ಪರದೆಯ ಮೇಲೆ ಏನೂ ಕಾಣದೇ ಹೋಗಬಹುದು, ಯಂತ್ರ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಯಾರೋ ಹೇಳಿದರೆಂದು ಅರ್ಥ ತಿಳಿಯದ ಆಜ್ಞೆಯ ಮುಂದೆ ಈ ಪದವನ್ನು ಹಚ್ಚಕೂಡದು. ಓಬವ್ವನ ಕಿಂಡಿಯ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕೆ?

ಬರೆಯುವ ಆಜ್ಞೆಗೆ ಅಂಜುವವರಿಗೆ ಸಾಫ್ಟ್‌ವೇರ್ ಮ್ಯಾನೇಜರ್ ಎಂಬ ಚಿತ್ರರೂಪದ ಅಂಗಡಿಯೇ ಇದೆ. ಹೆಸರು ಹುಡುಕಿ ಗುಂಡಿ ಒತ್ತಿದರೆ ಆಯಿತು. ಕಣಜದಲ್ಲಿರುವ ಆವೃತ್ತಿ ಹಳೆಯದಾಗಿದ್ದರೆ ಫ್ಲ್ಯಾಟ್‌ಪ್ಯಾಕ್ ಎಂಬ ಇನ್ನೊಂದು ದಾರಿಯುಂಟು. ಇದು ಬುತ್ತಿ ಕಟ್ಟಿಕೊಂಡು ಬರುವ ನೆಂಟನಂತೆ: ತನಗೆ ಬೇಕಾದುದನ್ನು ತಾನೇ ತರುತ್ತದೆ, ಆದಕಾರಣ ಜಾಗ ಹೆಚ್ಚು ಹಿಡಿಯುತ್ತದೆ. ದಿನದ ಡೇಟಾ ಎಣಿಸಿ ಖರ್ಚು ಮಾಡುವ ನಮ್ಮಂಥವರು ಮೊದಲು ಕಣಜದಲ್ಲಿ ಹುಡುಕುವುದೇ ಲೇಸು.

ಕನ್ನಡದ ಮಾತು. ಶ್ರೀ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ನುಡಿ ತಂತ್ರಾಂಶದ ಮೂಲಕ ನಮಗೆಲ್ಲ ಪರಿಚಿತವಾದದ್ದು. ಅದು ಲಿನಕ್ಸಿನಲ್ಲಿ ಕಗಪ ಎಂಬ ಹೆಸರಿನಿಂದ ಇದೆ. ನುಡಿಯಲ್ಲಿ ಬೆರಳು ಪಳಗಿದವರು ಮತ್ತೆ ಕಲಿಯುವ ಅಗತ್ಯ ಅಷ್ಟಾಗಿ ಇಲ್ಲ. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಸ್ವತಂತ್ರ ಅಕ್ಷರವಿನ್ಯಾಸಗಳೂ ಕಣಜದಲ್ಲಿಯೇ ಸಿಗುತ್ತವೆ. ಒಂದು ತೊಡಕು ಮಾತ್ರ ಉಂಟು: ಯುನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳು ಆ ಅಕ್ಷರವಿನ್ಯಾಸವಿಲ್ಲದೆ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ, ಅವನ್ನು ಪರಿವರ್ತಿಸಿಕೊಳ್ಳಬೇಕು. ಪರದೆಯ ಮೇಲಿನ ಮಾತುಗಳನ್ನು ಕನ್ನಡಕ್ಕೆ ತಂದ ಸ್ವಯಂಸೇವಕರ ಶ್ರಮ ದೊಡ್ಡದು. ಆದರೂ ಇನ್‌ಸ್ಟಾಲ್ ಎಂಬುದಕ್ಕೆ ಅವರು ಇಟ್ಟ 'ಅನುಸ್ಥಾಪಿಸು' ಎಂಬ ಪದವನ್ನು ಯಾರ ಬಾಯಲ್ಲಿಯೂ ಕೇಳಲಿಲ್ಲ. ನಾವು 'ಹಾಕು' ಎನ್ನುತ್ತೇವೆ. ಮನೆಯಲ್ಲಿ ಕೇಳಿ ತಿಳಿಯಲು ಓದಿದವರಿಲ್ಲದ ಹುಡುಗನಿಗೆ 'ಹಾಕು' ಎಂದಿದ್ದರೆ ಒಂದೇ ನೋಟಕ್ಕೆ ತಿಳಿಯುತ್ತಿತ್ತು.

ಲಿನಕ್ಸಿನಲ್ಲಿ ಆಟವಿಲ್ಲ ಎಂಬುದು ಹಳೆಯ ದೂರು. ಒಂದು ಕಾಲಕ್ಕೆ ಅದು ಬಹುಮಟ್ಟಿಗೆ ನಿಜವೂ ಆಗಿತ್ತು. ತಮ್ಮ ತಂಗಿಯರಿರುವ ಮನೆಯಲ್ಲಿ ಆಟವಿಲ್ಲದ ಗಣಕವನ್ನು ಯಾರೂ ಒಪ್ಪರು. ಸಣ್ಣವರಿಗೆ ಚಿತ್ರ ಬರೆಯುವ ಟಕ್ಸ್ ಪೇಂಟ್ ಕನ್ನಡದಲ್ಲಿಯೂ ಇದೆ. ಪೆಂಗ್ವಿನ್ ಪಕ್ಷಿ ಗಾಡಿ ಓಡಿಸುವ ಸೂಪರ್ ಟಕ್ಸ್ ಕಾರ್ಟ್ ಇದೆ. ಚದುರಂಗವಿದೆ, ಇಸ್ಪೀಟೂ ಇದೆ. ಆದರೆ ಇತಿಹಾಸದ ವಿದ್ಯಾರ್ಥಿಗಳು ನೋಡಲೇಬೇಕಾದದ್ದು 'ಜೀರೋ ಎ.ಡಿ.' ಎಂಬ ಆಟ. 2009ರಲ್ಲಿ ಇದರ ಮೂಲಸಂಹಿತೆಯನ್ನು ಎಲ್ಲರಿಗೂ ತೆರೆದಿಟ್ಟರು. ಪುರಾತನ ರೋಮ್, ಗ್ರೀಸ್, ಪರ್ಷಿಯಾಗಳ ಜೊತೆಗೆ ನಮ್ಮ ಮೌರ್ಯರೂ ಇದರಲ್ಲಿದ್ದಾರೆ. ಹೊಲ ಮಾಡಿಸಿ, ಮರ ಕಡಿಸಿ, ಊರು ಕಟ್ಟಿ, ಆನೆಯ ಪಡೆ ಕೂಡಿಸಬೇಕು. ಚಂದ್ರಗುಪ್ತ, ಚಾಣಕ್ಯ, ಅಶೋಕ ಮೂವರೂ ನಾಯಕರಾಗಿ ಬರುತ್ತಾರೆ. ಅಶೋಕನ ಶಾಸನಸ್ತಂಭವನ್ನೂ ನಿಲ್ಲಿಸಬಹುದು. ನಮ್ಮದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನ ಇರುವುದು ಸ್ತಂಭದ ಮೇಲಲ್ಲ, ಬಂಡೆಯ ಮೇಲೆ. ಆಡುವಾಗ ಈ ಭೇದ ನೆನಪಿನಲ್ಲಿದ್ದರೆ ಒಳ್ಳೆಯದು. 2 ಜಿ.ಬಿ. ಸ್ಮೃತಿಯ ಯಂತ್ರದಲ್ಲಿ ಸೈನ್ಯ ದೊಡ್ಡದಾದಂತೆ ಆಟ ತೆವಳುತ್ತದೆ.

ವಿಂಡೋಸಿಗೆಂದೇ ಮಾಡಿದ ಆಟಗಳ ಕಥೆ ಬೇರೆ. 1993ರಲ್ಲಿ ಆರಂಭವಾದ ವೈನ್ ಎಂಬ ತಂತ್ರಾಂಶವು, ಆಟವು ವಿಂಡೋಸಿನ ಭಾಷೆಯಲ್ಲಿ ಕೇಳಿದ್ದನ್ನು ಲಿನಕ್ಸಿಗೆ ತಿಳಿಯುವಂತೆ ದುಭಾಷಿಯಾಗಿ ಹೇಳುತ್ತದೆ. ಆಟಗಳನ್ನು ಮಾರುವ ವಾಲ್ವ್ ಕಂಪನಿಯು ತನ್ನ ಸ್ಟೀಮ್ ಅಂಗಡಿಯನ್ನು 2013ರಲ್ಲಿ ಲಿನಕ್ಸಿಗೆ ತಂದು, 2018ರಲ್ಲಿ ವೈನನ್ನೇ ಆಧಾರವಾಗಿಟ್ಟುಕೊಂಡು ಪ್ರೋಟಾನ್ ಎಂಬುದನ್ನು ಹೊರಡಿಸಿತು. ಅಂದಿನಿಂದ ಸಾವಿರಾರು ಆಟಗಳು ಲಿನಕ್ಸಿನಲ್ಲಿ ನಡೆಯತೊಡಗಿದವು. 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಂತ್ರದೊಳಗೂ ಇರುವುದು ಲಿನಕ್ಸೇ. ಪ್ರೋಟಾನ್ ಚಿತ್ರಕ್ಕಾಗಿ ವಲ್ಕನ್ ಎಂಬ ವಿಧಾನವನ್ನು ಅವಲಂಬಿಸಿರುವುದರಿಂದ, ಅದಿಲ್ಲದ ತೀರ ಹಳೆಯ ಯಂತ್ರಗಳಿಗೆ ಈ ಭಾಗ್ಯ ಹೆಚ್ಚಾಗಿ ದಕ್ಕುವುದಿಲ್ಲ.

ಯಂತ್ರ ಎಷ್ಟೇ ಹೊಸದಾದರೂ ನಡೆಯದ ಆಟಗಳೂ ಕೆಲವು ಉಂಟು. ವ್ಯಾಲೊರಂಟ್ ಅಂಥದು. ಆಟದಲ್ಲಿ ಮೋಸ ಮಾಡುವವರನ್ನು ಹಿಡಿಯಲು ಅದರೊಡನೆ ಬರುವ ಕಾವಲು ತಂತ್ರಾಂಶವು ವಿಂಡೋಸಿನ ಒಳತಿರುಳಿಗೇ ಇಳಿದು ಕೂರುತ್ತದೆ. ಲಿನಕ್ಸಿನಲ್ಲಿ ಅದಕ್ಕೆ ಆ ಜಾಗವಿಲ್ಲ. ಅದೇ ಬೇಕೆನ್ನುವ ಗೆಳೆಯರು, ವಿಂಡೋಸ್ 11 ನಡೆಸಬಲ್ಲ ಯಂತ್ರವಿದ್ದರೆ, ಡಿಸ್ಕನ್ನು ಎರಡು ಪಾಲು ಮಾಡಿ ಎರಡನ್ನೂ ಇಟ್ಟುಕೊಳ್ಳಬಹುದು. ಯಂತ್ರ ಹೊತ್ತಿಸುವಾಗ ಯಾವುದು ಬೇಕೆಂದು ಕೇಳುತ್ತದೆ. ಪಾಲು ಮಾಡುವ ಮುನ್ನ ಟಿಪ್ಪಣಿ, ಫೋಟೋ, ಅಂಕಪಟ್ಟಿಗಳ ನಕಲನ್ನು ಬೇರೊಂದು ಪೆನ್ ಡ್ರೈವಿಗೆ ತೆಗೆದಿಡತಕ್ಕದ್ದು.